ಡೆಮೋ ಚಾಂಪಿಯನ್

ಸೊಂಟ ಹಿಡಿದುಕೊಂಡಿದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಕಾರ್ ರೇಸ್ ಮಷೀನನ್ನು ಮುಂಬಾಗಿಲಿನಿಂದ ಒಳಗೋಡೆಯವರೆಗೆ ತಳ್ಳಿದ್ದೇನೆ. ಅದಕ್ಕೆ ಚಕ್ರಗಳೇನೋ ಇವೆ. ಆದರೆ ಉರುಳುವ ಮನಸ್ಸು ಒಂದಕ್ಕೆ ಮಾತ್ರ ಇದೆ.

ಕಾಯಿನ್ ಹಾಕಿ ಆಡುವ ಗೇಮ್ ಅಂಗಡಿ ಇಟ್ಟವರಿಗೆ ಇದು ಹೊಸ ಕಷ್ಟವಲ್ಲ. ಕಲೆಕ್ಷನ್ ಇಳಿದರೆ ಮೊದಲು ಕೈ ಹೋಗುವುದೇ ಮಷೀನುಗಳ ಜಾಗ ಬದಲಿಸೋಕೆ. ಗದ್ದಲ ಮಾಡುವುದು, ಲೈಟು ಮಿನುಗುವುದು ಬಾಗಿಲ ಹತ್ತಿರ. ಟಿಕೆಟ್ ಉಗುಳುವ ಮಷೀನು ಬಹುಮಾನದ ಕೌಂಟರ್ ಎದುರು. ಕಾಯಿನ್ ಕೊಡುವ ಕೌಂಟರ್ ಆದಷ್ಟು ಒಳಗೆ, ಅಲ್ಲಿಗೆ ತಲುಪುವಷ್ಟರಲ್ಲಿ ಎಲ್ಲ ಮಷೀನೂ ಕಣ್ಣಿಗೆ ಬೀಳಬೇಕಲ್ಲ! ಬೊಂಬೆ ಎತ್ತುವ ಕ್ಲಾ ಮಷೀನಿಗೆ ಮಾತ್ರ ಸುತ್ತಲೂ ಜಾಗ ಬಿಡಬೇಕು. ಒಬ್ಬರು ಸೋತರೆ, ನೋಡುತ್ತ ನಿಂತವರಿಗೆಲ್ಲ "ನಾನಾಗಿದ್ರೆ ಎತ್ತಿಬಿಡ್ತಿದ್ದೆ" ಅನ್ನಿಸಬೇಕು. ಅದರ ಹಿಡಿತ ಎಷ್ಟು ಬಿಗಿ ಇರಬೇಕು ಅನ್ನೋದು ಒಳಗಿನ ಒಂದು ಸೆಟ್ಟಿಂಗ್ ಅಷ್ಟೇ. ಇದನ್ನು ಗಿರಾಕಿಗಳ ಮುಂದೆ ಹೇಳಬೇಡಿ.

ಇಷ್ಟೆಲ್ಲ ಲೆಕ್ಕ ಹಾಕಿ ಜೋಡಿಸಿದ ಅಂಗಡಿಗೆ ಒಬ್ಬರು ಬರುತ್ತಾರೆ. ವಯಸ್ಸಾದವರೇನಲ್ಲ. ಇಸ್ತ್ರಿ ಮಾಡಿದ ಶರ್ಟು, ಗಂಭೀರ ಮುಖ. ಬಂದವರೇ ರೇಸ್ ಮಷೀನಿನ ಸೀಟಿನಲ್ಲಿ ಕೂರುತ್ತಾರೆ. ಸೀಟು ಹಿಂದೆ ಮುಂದೆ ಸರಿಸಿಕೊಳ್ಳುತ್ತಾರೆ. ಸ್ಟೇರಿಂಗ್ ಹಿಡಿಯುತ್ತಾರೆ. ಆಮೇಲೆ ಕಾಯಿನ್ ಹಾಕದೆ ಆಡಲು ಶುರು ಮಾಡುತ್ತಾರೆ.

ಯಾರೂ ಆಡದಿರುವಾಗ ಮಷೀನು ತನ್ನಷ್ಟಕ್ಕೆ ತಾನೇ ಆಡಿಕೊಳ್ಳುತ್ತದೆ, ಗೊತ್ತಲ್ವಾ? ನೋಡಿದವರಿಗೆ ಆಸೆ ಹುಟ್ಟಿ ಜೇಬಿಗೆ ಕೈ ಹಾಕಲಿ ಎಂದೇ ಆ ಡೆಮೋ ಇರುವುದು. ಇವರಿಗೂ ಆಸೆ ಹುಟ್ಟುತ್ತದೆ. ಅಲ್ಲೇ ತೀರಿಯೂ ಬಿಡುತ್ತದೆ. ಡೆಮೋದ ಕಾರು ಎಡಕ್ಕೆ ತಿರುಗಿದರೆ ಇವರೂ ಎಡಕ್ಕೆ ವಾಲುತ್ತಾರೆ. ತಿರುವು ಬರುವ ಮೊದಲೇ ಬ್ರೇಕ್ ಒತ್ತುತ್ತಾರೆ. ನೋಡಿ ನೋಡಿ ಟ್ರ್ಯಾಕ್ ಬಾಯಿಪಾಠ ಆಗಿದೆ. ಓವರ್‌ಟೇಕ್ ಮಾಡಿದಾಗ ಹಲ್ಲು ಕಚ್ಚುತ್ತಾರೆ. ಡೆಮೋ ಮುಗಿದು "ಕಾಯಿನ್ ಹಾಕಿ" ಎಂದು ಪರದೆ ಮಿನುಗಿದಾಗ ಕೈ ಕಟ್ಟಿ ಕೂತು, ಬೆವರು ಒರೆಸಿಕೊಂಡು, ಮುಂದಿನ ರೇಸಿಗೆ ಕಾಯುತ್ತಾರೆ. ಬೆವರು! ಎಸಿ ಕರೆಂಟ್ ಬಿಲ್ ಕಟ್ಟುವವನು ನಾನು.

ಒಂದು ಸಲ ಪಕ್ಕದಲ್ಲಿ ನಿಂತಿದ್ದ ಹುಡುಗ ತಡೆಯಲಾರದೆ ಹೇಳಿಬಿಟ್ಟ, "ಅಂಕಲ್, ಅದು ಡೆಮೋ. ನೀವು ಆಡ್ತಿಲ್ಲ."

ಅವರು ಸ್ಟೇರಿಂಗ್ ಬಿಡಲಿಲ್ಲ. "ಗೊತ್ತಪ್ಪಾ. ನೀನು ದುಡ್ಡು ಹಾಕಿ ಎಷ್ಟನೇ ನಂಬರ್ ಬಂದೆ?"

ಹುಡುಗ ಏಳನೆಯವನಾಗಿ ಬಂದಿದ್ದ. ಬಾಯಿ ಮುಚ್ಚಿಕೊಂಡು ಏರ್ ಹಾಕಿ ಟೇಬಲ್ ಕಡೆಗೆ ಹೋದ. ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು.

ಪ್ರತಿ ಮಷೀನಿನೊಳಗೂ ಬಿದ್ದ ಕಾಯಿನ್ ಎಣಿಸುವ ಒಂದು ಮೀಟರ್ ಇರುತ್ತದೆ. ಬಾಗಿಲಲ್ಲಿ ರಾಜನ ಹಾಗೆ ಕೂತ ಮಷೀನಿನ ಮೀಟರ್ ಅಲ್ಲಾಡುವುದಿಲ್ಲ, ಸ್ಟೇರಿಂಗ್ ಮಾತ್ರ ಸವೆಯುತ್ತದೆ ಎಂದರೆ ಯಾರಿಗೆ ಹೇಳಲಿ? 1972ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬಾರಿನಲ್ಲಿ ಅಟಾರಿ ಕಂಪನಿಯವರು ಪಾಂಗ್ ಎಂಬ ವಿಡಿಯೋ ಗೇಮಿನ ಮೊದಲ ಮಷೀನು ಇಟ್ಟಿದ್ದರು. ಸ್ವಲ್ಪ ದಿನಕ್ಕೇ ಕೆಟ್ಟಿತೆಂದು ಫೋನ್ ಬಂತಂತೆ. ಬಿಚ್ಚಿ ನೋಡಿದರೆ, ಕಾಯಿನ್ ತುಂಬಿ ತುಳುಕಿ ಸಿಕ್ಕಿಕೊಂಡಿತ್ತಂತೆ. ಅಂಥ ರಿಪೇರಿಗೆ ನಾನು ಕುಣಿಯುತ್ತ ಹೋಗುತ್ತಿದ್ದೆ. ನನ್ನ ಮಷೀನು ಬಿಚ್ಚಿದರೆ ಸಿಗುವುದು ಬಾಗಿದ ಕಾಯಿನ್, ವಾಷರ್, ಶರ್ಟಿನ ಗುಂಡಿ, ಅಗಿದ ಚೂಯಿಂಗ್ ಗಮ್. ಗುಂಡಿ ಹಾಕಿದವರೂ ಪರವಾಗಿಲ್ಲ ಅನ್ನಿಸುತ್ತದೆ. ಏನೋ ಒಂದು ಹಾಕಿದರಲ್ಲ.

ಮೂಲೆಯಲ್ಲಿ ಒಂದು ಹಳೆಯ ಗ್ಯಾಲಗಾ ಇದೆ, 1981ರ ಆಟ. ಜಾಗದ ಲೆಕ್ಕ ಹಾಕಿದರೆ ಅದನ್ನು ಎಂದೋ ಮಾರಬೇಕಿತ್ತು. ಅದರಲ್ಲಿ ಜಾಸ್ತಿ ಸ್ಕೋರ್ ಮಾಡಿದವರು ಹೆಸರಿನ ಮೂರಕ್ಷರ ಬರೆಯಬಹುದು. ಆದರೆ ಸ್ವಿಚ್ ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ. ಮೊದಲೆಲ್ಲ ಶಾಲೆ ಮುಗಿಸಿ ಒಂದು ಹುಡುಗಿ ಬರುತ್ತಿದ್ದಳು. ದಿನಾ ಸಂಜೆ ತನ್ನ ಮೂರಕ್ಷರ ಮೇಲಕ್ಕೆ ಹತ್ತಿಸುತ್ತಿದ್ದಳು, ರಾತ್ರಿ ನಾನು ಅಳಿಸುತ್ತಿದ್ದೆ. ಮರುದಿನ ಬಂದು ಒಂದೂ ಮಾತಾಡದೆ ಮತ್ತೆ ಬರೆಯುತ್ತಿದ್ದಳು. ಈಗ ಎಲ್ಲಿದ್ದಾಳೋ. ಆ ಮಷೀನನ್ನು ಮಾರೋಕೆ ಮನಸ್ಸು ಬರುತ್ತಿಲ್ಲ.

ಇರಲಿ. ಒಳಗೋಡೆಗೆ ತಳ್ಳಿದ್ದು ಮಾತ್ರವಲ್ಲ, ಸೆಟ್ಟಿಂಗ್‌ಗೆ ಹೋಗಿ ರೇಸ್ ಮಷೀನಿನ ಡೆಮೋ ಸೌಂಡನ್ನೂ ಬಂದ್ ಮಾಡಿದೆ. ಬೆಳಿಗ್ಗೆ ಅವರು ಬಂದರು. ಬಾಗಿಲಲ್ಲಿ ಖಾಲಿ ಜಾಗ ನೋಡಿ ಒಂದು ಕ್ಷಣ ತಬ್ಬಿಬ್ಬಾದರು. ಹುಡುಕಿಕೊಂಡು ಹೋಗಿ ಕೂತರು. ಎರಡು ತಿರುವು ದಾಟಿದ ಮೇಲೆ ಎದ್ದು ಸೀದಾ ನನ್ನ ಹತ್ತಿರ ಬಂದರು.

"ಯಜಮಾನ್ರೇ, ಇಂಜಿನ್ ಸೌಂಡ್ ಬರ್ತಿಲ್ಲ. ಸ್ವಲ್ಪ ಮೇಂಟೇನ್ ಮಾಡಿ."

"ಕಾಯಿನ್ ಹಾಕಿದ್ರೆ ಬರುತ್ತೆ ಸಾರ್."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಸೌಂಡಿಗೂ ದುಡ್ಡಾ?" ಎಂದು ತಲೆ ಅಲ್ಲಾಡಿಸಿ, ಬೈಕ್ ರೇಸ್ ಮಷೀನಿನ ಕಡೆ ಹೊರಟರು. ಅದರ ಡೆಮೋ ಸೌಂಡ್ ನಾನಿನ್ನೂ ತೆಗೆದಿರಲಿಲ್ಲ.