ಬೆಕ್ಕಿಗೆ ಉಪವಾಸ, ನಮಗೆ ಜಾಗರಣೆ

ಚಿನ್ನಿಗೆ ಇನ್ನೂ 6 ತಿಂಗಳು ತುಂಬಿರಲಿಲ್ಲ. ಆಗಲೇ ರಾತ್ರಿಯಿಡೀ ರಾಗ ಎಳೆಯತೊಡಗಿದಳು. ನೆಲದ ಮೇಲೆ ಹೊರಳಾಟ ಬೇರೆ. ಬೆನ್ನು ಸವರಿದರೆ ಬಾಲ ಎತ್ತಿ ನಿಲ್ಲುವಳು. 'ಹೊಟ್ಟೆನೋವಿರಬೇಕು, ಪಾಪ' ಎಂದು ಅಮ್ಮ ಕಣ್ಣೀರು ಹಾಕಿದರು.

ಡಾಕ್ಟರು ನಕ್ಕರು. 'ನೋವೂ ಇಲ್ಲ, ಏನೂ ಇಲ್ಲ. ಬೆದೆಗೆ ಬಂದಿದೆ. ಈಗ ಗರ್ಭಕೋಶಕ್ಕೆ ರಕ್ತ ಹರಿಯೋದು ಜಾಸ್ತಿ. ಬೆದೆ ಇಳಿದ ಮೇಲೆ ಮರಿ ಆಗದ ಹಾಗೆ ಆಪರೇಷನ್ ಮಾಡೋಣ.' ಬೆಕ್ಕು 4–5 ತಿಂಗಳಿಗೇ ಬಸಿರಾಗಬಹುದಂತೆ. ಸುಮಾರು 9 ವಾರಕ್ಕೆ ಮರಿ ಹಾಕುತ್ತದಂತೆ. ಆ ಮರಿಗಳು ಹಾಲು ಬಿಡುವ ಮೊದಲೇ ಮತ್ತೆ ಬಸಿರಾಗಬಹುದಂತೆ. ಅಮ್ಮನ ಕಣ್ಣೀರು ಅಲ್ಲೇ ಇಂಗಿತು. 'ಬೇಗ ಮಾಡಿಸಿಬಿಡು' ಎಂದರು.

ಡಾಕ್ಟರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹಿಂದಿನ ರಾತ್ರಿ 10ರ ನಂತರ ಆಹಾರ ಬೇಡ, ನೀರು ಇರಲಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಸರಿ, ಬಟ್ಟಲು ಎತ್ತಿಟ್ಟೆವು. ದಿನವೂ ಊಟಕ್ಕೆ ಮೂತಿ ತಿರುಗಿಸುವ ಚಿನ್ನಿಗೆ ಅವತ್ತೇ ಲೋಕದ ಹಸಿವೆಲ್ಲ ಬಂತು. ಬಟ್ಟಲಿದ್ದ ಜಾಗದಲ್ಲಿ ಕೂತು ಒಬ್ಬೊಬ್ಬರನ್ನೇ ದಿಟ್ಟಿಸಿದಳು. ಅಪ್ಪ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬಿಸ್ಕತ್ತು ತಿನ್ನಲು ನೋಡಿದರು. ಪೊಟ್ಟಣ ಚರಗುಟ್ಟಿದ್ದೇ ತಡ, ಬಾಗಿಲಡಿಯಿಂದ ಒಂದು ಪಂಜ ಒಳಗೆ ಬಂತು.

ನಡುರಾತ್ರಿ ಅಮ್ಮ ನನ್ನನ್ನು ಎಬ್ಬಿಸಿದರು. 'ಜಿರಲೆ ತಿಂದರೆ ಅದೂ ಊಟವೇ ಅಲ್ವಾ?' ಚೀಟಿ ಬರೆದವರು ಇದನ್ನೆಲ್ಲ ಯಾಕೆ ಬರೆಯುವುದಿಲ್ಲವೋ! ಆಮೇಲೆ ಮೂವರೂ ಟಾರ್ಚ್ ಹಿಡಿದು ಸೋಫಾದಡಿ ಜಿರಲೆ ಹುಡುಕಿದೆವು. ಚಿನ್ನಿಯೂ ಜೊತೆಗೆ ಹುಡುಕಿದಳು, ನಮಗಿಂತ ಹುರುಪಿನಿಂದ.

ಅಭ್ಯಾಸವಾಗಲಿ ಎಂದು ಬೆಕ್ಕನ್ನು ಒಯ್ಯುವ ಪೆಟ್ಟಿಗೆಯನ್ನು ಮೊದಲೇ ನಡುಮನೆಯಲ್ಲಿ ತೆರೆದಿಟ್ಟಿದ್ದೆವು. ಅದರಲ್ಲೇ ಸುಖವಾಗಿ ಮಲಗುತ್ತಿದ್ದವಳು ಅವತ್ತು ಬೆಳಗ್ಗೆ ಮಾತ್ರ ನಾಲ್ಕೂ ಕಾಲು ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಕೊನೆಗೆ ಟವೆಲ್ ಸುತ್ತಿ, ಹಿಂಗಾಲಿನ ಕಡೆಯಿಂದ ಒಳಗೆ ತೂರಿಸಿದ್ದಾಯಿತು. ಅವಳ ಕಣ್ಣೆದುರು ತಿಂಡಿ ತಿನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗೇ ಹೊರಟೆವು.

ಅರಿವಳಿಕೆಯ ಪ್ರಮಾಣ ಲೆಕ್ಕ ಹಾಕಲು ಡಾಕ್ಟರು ತೂಕ ನೋಡಿದರು. ತಕ್ಕಡಿ ಮೇಲೆ ಚಿನ್ನಿ ಪರಮ ಸಾಧು. 'ರಾತ್ರಿಯಿಂದ ಏನೂ ತಿಂದಿಲ್ಲ ತಾನೇ?' ಎಂದರು.

'ಇಲ್ಲ ಡಾಕ್ಟ್ರೇ' ಎಂದರು ಅಪ್ಪ, 'ಯಾರೂ ತಿಂದಿಲ್ಲ.'