ಖಾಲಿ ತೋಟೆ ಎತ್ತುವುದನ್ನು ಮೊದಲು ಕಲಿಸಲಿ

ಅಮೆರಿಕದಲ್ಲಿ ಪೊಲೀಸರಿಗೂ ಸರ್ಕಾರಿ ವಕೀಲರಿಗೂ ತರಬೇತಿ ಕೊಟ್ಟರೆ ಗುಂಡಿನ ದಾಳಿ ಇಳಿಯುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ, ಆದರೆ ಯಾವ ತರಬೇತಿ? ಗುರಿ ಇಟ್ಟು ಹೊಡೆಯುವುದು ಅವರಿಗೆ ಗೊತ್ತೇ ಇದೆ ಅಲ್ವಾ! ಗುಂಡು ಹಾರಿದ ಮೇಲೆ ರಸ್ತೆಯಲ್ಲಿ ಬಿದ್ದ ಖಾಲಿ ತೋಟೆಯನ್ನು (ಗುಂಡಿನ ಲೋಹದ ಕವಚವನ್ನು) ಜೋಪಾನವಾಗಿ ಎತ್ತುವುದನ್ನು ಕಲಿಸಬೇಕು. ಪಿಸ್ತೂಲಿನ ಪಿನ್ನು ಬಡಿದಾಗ ತೋಟೆಯ ತಳದಲ್ಲಿ ಸಣ್ಣ ಗುಳಿ ಬೀಳುತ್ತದೆ. ಅದರ ಚಿತ್ರವನ್ನು ಎಟಿಎಫ್‌ನ (ಬಂದೂಕು ಅಪರಾಧ ನೋಡಿಕೊಳ್ಳುವ ಅಮೆರಿಕದ ಕೇಂದ್ರ ಸಂಸ್ಥೆ) ನಿಬಿನ್ ಎಂಬ ತೋಟೆ ಗುರುತುಗಳ ಕಂಪ್ಯೂಟರ್ ಜಾಲಕ್ಕೆ ಹಾಕಿದರೆ, ಹಿಂದೆ ಬೇರೆ ಬೀದಿಯಲ್ಲಿ ಗುಂಡು ಹಾರಿದ್ದೂ ಇದೇ ಪಿಸ್ತೂಲಿನಿಂದಲಾ ಅಂತ ಸುಳಿವು ಸಿಗುತ್ತದೆ. ಕೋರ್ಟಿಗೆ ಬರೀ ಸುಳಿವು ಸಾಲದು, ತಜ್ಞರು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳಬೇಕು. ವಕೀಲರಿಗೆ ಇದು ಗೊತ್ತಿಲ್ಲದಿದ್ದರೆ ಕೇಸು ಅಲ್ಲೇ ಸಡಿಲ.

ಬಾಸ್ಟನ್‌ನಲ್ಲಿ 1996ರಲ್ಲಿ ಗ್ಯಾಂಗುಗಳ ಗುಂಡಿನ ದಾಳಿ ತಡೆಯುವ ಆಪರೇಷನ್ ಸೀಸ್‌ಫೈರ್ ಯೋಜನೆ ಶುರುವಾದಾಗ ಪೊಲೀಸರು, ವಕೀಲರು, ಪಾದ್ರಿಗಳು ಒಟ್ಟಿಗೆ ಗ್ಯಾಂಗಿನ ಹುಡುಗರನ್ನು ಎದುರು ಕೂರಿಸಿಕೊಂಡು ನೇರವಾಗಿ ಹೇಳಿದರು: ಗುಂಡು ಹಾರಿದರೆ ಇಡೀ ಗ್ಯಾಂಗನ್ನೇ ಹಿಡಿಯುತ್ತೇವೆ, ಹಿಂಸೆ ಬಿಟ್ಟರೆ ನೆರವು ಕೊಡಿಸುತ್ತೇವೆ. ಯುವಕರ ಕೊಲೆಗಳು ತಿಂಗಳ ಸರಾಸರಿಯಲ್ಲಿ 63% ಇಳಿದವು. ಎಲ್ಲವೂ ಅದರಿಂದಲೇ ಅಂತ ನಾನು ಹೇಳುವುದಿಲ್ಲ, ಆಗ ಬೇರೆ ಊರುಗಳಲ್ಲೂ ಇಳಿಯುತ್ತಿತ್ತು. ಆದರೆ 2000ರ ಹೊತ್ತಿಗೆ ಅದನ್ನು ಸುಮ್ನೆ ಕೈಬಿಟ್ಟರು. ಆಮೇಲೆ ಕೊಲೆಗಳು ಮತ್ತೆ ಜಾಸ್ತಿಯಾದವು. ಇದನ್ನೂ ಲೇಖನದಲ್ಲಿ ಸೇರಿಸಬೇಕಿತ್ತು.