ಬೆಕ್ಕಿನ ಪ್ರಬಂಧಕ್ಕೆ ಎಷ್ಟು ಅಂಕ?

ಕೊಡಗಿನ ಗೋಣಿಕೊಪ್ಪಲಿನ ಕಾಫಿ ವ್ಯಾಪಾರಿಗೆ ಚೀಲ ತೋರಿಸಿ ದುಡ್ಡು ಕೇಳಿ ನೋಡಿ. ಅದು ಯಾರ ತೋಟದ್ದು ಎಂದು ಅವನು ವಿಚಾರಿಸುವುದೂ ಇಲ್ಲ. ಒಂದಿಷ್ಟು ಚೆರಿ ತೆಗೆದು, ಸಿಪ್ಪೆ ಸುಲಿಸಿ, ತೂಗಿ, 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಬೀಜ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ‘ಔಟ್‌ಟರ್ನ್ 26’ ಎಂದು ಮುಖ ಸಿಂಡರಿಸುತ್ತಾನೆ. ತೇವಾಂಶ ಹೆಚ್ಚಿದ್ದರೆ ಅದಕ್ಕೂ ಕತ್ತರಿ. ಅಪ್ಪನ ಕಾಲದ ಪರಿಚಯ ಎಂದರೂ ಬಿಡುವವನಲ್ಲ. ಬೈದುಕೊಂಡೇ ಮನೆಗೆ ಬರುತ್ತೇವೆ. ಆದರೆ ಅವನು ಸುಲಿದು ನೋಡಿದ್ದಾನೆ, ಅದನ್ನು ಅಲ್ಲಗಳೆಯುವಂತಿಲ್ಲ.

ಸಂಶೋಧನಾ ಪ್ರಬಂಧಗಳಿಗೆ ಬೆಲೆ ಕಟ್ಟುವವರು ಇಷ್ಟು ಕಷ್ಟಪಡುವುದಿಲ್ಲ. ಅವರು ಚೀಲ ಎಣಿಸುತ್ತಾರೆ. ತುಸು ಸೂಕ್ಷ್ಮ ಬುದ್ಧಿಯವರಾದರೆ ಚೀಲದ ಮೇಲಿನ ಮುದ್ರೆ ನೋಡುತ್ತಾರೆ. ಆ ಮುದ್ರೆಯ ಹೆಸರು ಇಂಪ್ಯಾಕ್ಟ್ ಫ್ಯಾಕ್ಟರ್.

ಡಿಗ್ರಿ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಸೋದರಳಿಯ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಬಂದಿದ್ದ. ಕದಿರು ತೆಗೆದು ಎಲ್ಲರೂ ‘ಪೊಲಿ ಪೊಲಿ ದೇವಾ’, ಹೆಚ್ಚಲಿ ದೇವರೇ, ಎಂದು ಕೂಗುತ್ತಿದ್ದರೆ ಇವನ ಕಣ್ಣು ಮೊಬೈಲಿನಲ್ಲಿತ್ತು. ಇವನಿಗೆ ಹೆಚ್ಚಬೇಕಾದದ್ದು ಭತ್ತವಲ್ಲ, ಎಚ್-ಸೂಚ್ಯಂಕ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಕಂಡುಹಿಡಿದ ಅಳತೆ ಅದು. ತಲಾ ಹತ್ತು ಸಲವಾದರೂ ಬೇರೆ ಪ್ರಬಂಧಗಳಲ್ಲಿ ಉಲ್ಲೇಖಗೊಂಡ ಹತ್ತು ಪ್ರಬಂಧಗಳು ನಿಮ್ಮಲ್ಲಿದ್ದರೆ ನಿಮ್ಮ ಸೂಚ್ಯಂಕ ಹತ್ತು. ಹುಡುಗನದು ನಾಲ್ಕು. ಐದಾಗಲು ಒಂದೇ ಒಂದು ಉಲ್ಲೇಖ ಕಡಿಮೆ. ಸ್ನೇಹಿತನೊಬ್ಬ ಸೋಮವಾರ ಅದನ್ನು ಭರ್ತಿ ಮಾಡಿಕೊಡುತ್ತಾನಂತೆ. ಮುಂದಿನ ತಿಂಗಳು ಇವನು ಅವನಿಗೆ. ನಾಟಿ ಕಾಲದಲ್ಲಿ ಹಿಂದೆ ನಾವೂ ಹೀಗೆ ಮುಯ್ಯಾಳು ಹೋಗುತ್ತಿದ್ದೆವು, ಆದರೆ ಕೊನೆಗೆ ಅಕ್ಕಿಯಾದರೂ ಸಿಗುತ್ತಿತ್ತು.

ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಫಿಲಡೆಲ್ಫಿಯಾದಿಂದ ವಿಜ್ಞಾನ ಲೇಖನಗಳ ಉಲ್ಲೇಖ ಸೂಚಿಯನ್ನು ಹೊರತಂದಾಗ ಯಾರ ಬಡ್ತಿಯೂ ಅವರ ತಲೆಯಲ್ಲಿರಲಿಲ್ಲ. ಯಾರ ವಿಚಾರವನ್ನು ಯಾರು ಮುಂದುವರಿಸಿದರು ಎಂದು ಹುಡುಕಲು ಸೂಚಿ ಬೇಕಿತ್ತು, ಅದಕ್ಕೆ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂದು ತಿಳಿಯಲು ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕಿತ್ತು. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳ ಸರಾಸರಿ, ಅಷ್ಟೇ. ಸರಾಸರಿಯ ಗುಣ ನಿಮಗೆ ಗೊತ್ತಲ್ಲ. ಸ್ಫಟಿಕವಿಜ್ಞಾನದ ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಎಂಬ ಪತ್ರಿಕೆಯ ಅಂಕ ಸುಮಾರು 2 ಇತ್ತು. 2008ರಲ್ಲಿ ಜಾರ್ಜ್ ಶೆಲ್ಡ್ರಿಕ್ ತಾವು ಬರೆದ ಕಂಪ್ಯೂಟರ್ ಪ್ರೋಗ್ರಾಂಗಳ ಚರಿತ್ರೆಯನ್ನು ಅದರಲ್ಲಿ ಪ್ರಕಟಿಸಿದರು. ಆ ಪ್ರೋಗ್ರಾಂ ಬಳಸಿದವರೆಲ್ಲ ಅದನ್ನೇ ಉಲ್ಲೇಖಿಸಿದರು. 2009ರ ಅಂಕ 49 ದಾಟಿತು! ಅದೇ ಪತ್ರಿಕೆಯ ಮಿಕ್ಕ ಲೇಖಕರು ಕೂತಲ್ಲೇ ಮಹಾವಿಜ್ಞಾನಿಗಳಾದರು. 2011ರಲ್ಲಿ ಅಂಕ ಮತ್ತೆ 2ಕ್ಕೆ ಇಳಿದಾಗ ಪಾಪ, ಕೂತಲ್ಲೇ ಸಾಮಾನ್ಯರೂ ಆದರು.

ನಮ್ಮ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2010ರ ನಿಯಮದಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಪಟ್ಟಿ ತಂದಿತು. ಅಂಕ ಬೇಕೆಂದಾಗ ಅಂಕ ಮಾರುವ ಅಂಗಡಿಯೂ ತೆರೆಯಲೇಬೇಕಲ್ಲ. ಹಣ ಕಟ್ಟಿದರೆ ವಾರದೊಳಗೆ ಅಚ್ಚು, ಜೊತೆಗೆ ಪ್ರಮಾಣಪತ್ರ. ಅಂಗಡಿಗಳನ್ನು ತಡೆಯಲು ಮಾನ್ಯ ಪತ್ರಿಕೆಗಳ ಪಟ್ಟಿ ಬಂತು. ಪಟ್ಟಿಯೊಳಗೇ ಅಂಗಡಿಗಳು ಹೊಕ್ಕವು. 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಒಟ್ಟಿಗೇ ಹೊರಹಾಕಬೇಕಾಯಿತು. ಆಮೇಲೆ ‘ಕೇರ್’ ಎಂಬ ಇನ್ನೊಂದು ಪಟ್ಟಿ. 2025ರಲ್ಲಿ ಅದನ್ನೂ ಕೈಬಿಟ್ಟರು. ಭೌತವಿಜ್ಞಾನಿ ಪೀಟರ್ ಹಿಗ್ಸ್ ನೊಬೆಲ್ ಪಡೆದ 2013ರಲ್ಲೇ ಹೇಳಿದ್ದರು, ಈಗಿನ ಕಾಲದಲ್ಲಾದರೆ ತಮಗೆ ವಿಶ್ವವಿದ್ಯಾಲಯದಲ್ಲಿ ಕೆಲಸವೇ ಸಿಗುತ್ತಿರಲಿಲ್ಲ ಎಂದು. ಅವರು ಬರೆದದ್ದು ತೀರಾ ಕಡಿಮೆ.

ನಮ್ಮ ಪಕ್ಕದ ತೋಟದ ಹಿರಿಯರು ಬರೆಯುವುದು ಇನ್ನೂ ಕಡಿಮೆ, ದಿನಕ್ಕೊಂದು ಸಾಲು. ಬೆಳಿಗ್ಗೆ ಎದ್ದು ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಡೈರಿಗೆ ಇಳಿಸುತ್ತಾರೆ. ಅವರ ಅಪ್ಪನ ಡೈರಿಗಳೂ ಕಪಾಟಿನಲ್ಲಿವೆ. ಮಾರ್ಚಿನಲ್ಲಿ ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದ ಮರುದಿನ ಅವರ ಫೋನಿಗೆ ಬಿಡುವಿಲ್ಲ. ‘ಎಷ್ಟು ಸೆಂಟ್ ಅಣ್ಣ?’ ಎಂದು ಕೇಳಿಕೊಂಡೇ ಅಕ್ಕಪಕ್ಕದವರು ಸ್ಪ್ರಿಂಕ್ಲರ್ ಹೂಡಬೇಕೋ ಬೇಡವೋ ಎಂದು ತೀರ್ಮಾನಿಸುವುದು. ಅವರ ಎಚ್-ಸೂಚ್ಯಂಕ ಸೊನ್ನೆ. ಸೋದರಳಿಯ ಆ ಕಪಾಟನ್ನು ನೋಡಿದವನೇ ಉಸಿರು ಬಿಗಿ ಹಿಡಿದ. ‘ಮಾವ, ಅರವತ್ತು ವರ್ಷದ ಮಳೆ! ಐದೈದು ವರ್ಷಕ್ಕೆ ಒಂದರಂತೆ ಕತ್ತರಿಸಿದರೆ ಹನ್ನೆರಡು ಪ್ರಬಂಧ. ಒಂದೊಂದರಲ್ಲೂ ಉಳಿದ ಹನ್ನೊಂದನ್ನು ಉಲ್ಲೇಖಿಸಿದರೆ ಎಲ್ಲಿಗೋ ಹೋಗಬಹುದು.’ ಅಷ್ಟೂ ವರ್ಷದ ಮಳೆಯನ್ನು ಒಟ್ಟಿಗೇ ನೋಡಿದರೆ ಏನಾದರೂ ತಿಳಿದೀತಲ್ಲ ಎಂದೆ. ತಿಳಿಯುತ್ತದೆ, ಆದರೆ ಒಂದೇ ಪ್ರಬಂಧವಾಗುತ್ತದೆ ಎಂದ.

ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಉದಾಹರಣೆ ಇದೆ. 1975ರಲ್ಲಿ ಅಮೆರಿಕದ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್‌ಟನ್ ಒಬ್ಬರೇ ಬರೆದ ಪ್ರಬಂಧದಲ್ಲಿ ಉದ್ದಕ್ಕೂ ‘ನಾವು’ ಎಂದು ಬಂದಿತ್ತು. ಪತ್ರಿಕೆ ಒಪ್ಪುವುದಿಲ್ಲವೆಂದು ತಿಳಿಯಿತು. ಟೈಪ್‌ರೈಟರ್ ಕಾಲ, ಮತ್ತೆ ಟೈಪಿಸುವ ಬದಲು ಮನೆಯ ಬೆಕ್ಕನ್ನೇ ಸಹಲೇಖಕನನ್ನಾಗಿ ಮಾಡಿದರು, ಎಫ್.ಡಿ.ಸಿ. ವಿಲ್ಲರ್ಡ್ ಎಂಬ ಗಂಭೀರ ಹೆಸರಿನಲ್ಲಿ. ಅತಿ ಹೆಚ್ಚು ಉಲ್ಲೇಖಗೊಂಡ ಬೆಕ್ಕು ಎಂಬ ಅದರ ದಾಖಲೆಯನ್ನು 2024ರಲ್ಲಿ ಲ್ಯಾರಿ ಎಂಬ ಇನ್ನೊಂದು ಬೆಕ್ಕು ಮುರಿಯಿತು. ಉಲ್ಲೇಖ ಮಾರುವ ದಂಧೆಯನ್ನು ಬಯಲಿಗೆಳೆಯಲು ಸಂಶೋಧಕರೊಬ್ಬರು ತಮ್ಮ ಅಜ್ಜಿಯ ಬೆಕ್ಕಿನ ಹೆಸರಿನಲ್ಲಿ ಹನ್ನೆರಡು ಹುಸಿ ಪ್ರಬಂಧಗಳನ್ನು ಹೊಸೆದು ಅಂತರ್ಜಾಲಕ್ಕೆ ಏರಿಸಿದರು. ಗೂಗಲ್ ಸ್ಕಾಲರ್ 132 ಉಲ್ಲೇಖಗಳನ್ನು ಭಕ್ತಿಯಿಂದ ಎಣಿಸಿ ಕೊಟ್ಟಿತು.

ಇದನ್ನು ಕೇಳಿ ಹುಡುಗನಿಗೆ ನಾಚಿಕೆಯಾದೀತು ಎಂದುಕೊಂಡು, ಆಸ್ಟ್ರೇಲಿಯಾದ ಪರ್ತ್‌ನ ಪ್ರಾಧ್ಯಾಪಕರೊಬ್ಬರ ನಾಯಿ ಏಳು ಪತ್ರಿಕೆಗಳ ಸಂಪಾದಕ ಮಂಡಳಿಗಳಿಗೆ ಸೇರಿದ 2017ರ ಸುದ್ದಿಯನ್ನೂ ಹೇಳಿದೆ. ಅವನು ಜಗಲಿಯಲ್ಲಿ ಮಲಗಿದ್ದ ನಮ್ಮ ನಾಯಿಯನ್ನು ಬಹಳ ಹೊತ್ತು ನೋಡಿದ.

‘ಮಾವ, ಇವನಿಗೆ ಕಾಡಾನೆ ಸಂಘರ್ಷದ ವಿಷಯ ಕೊಡಬಹುದು.’

‘ಆನೆ ಬಂದರೆ ಮಂಚದಡಿ ಸೇರುವ ನಾಯಿ ಅದು.’

‘ಅವರು ಕ್ಷೇತ್ರಕಾರ್ಯ ಕೇಳುವುದಿಲ್ಲ ಮಾವ, ಶುಲ್ಕ ಕೇಳುತ್ತಾರೆ.’